ಸಾಲದ ದೆವ್ವಕ್ಕೆ ‘ನಾಳೆ ಬಾ’

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಒಂದು ದೆವ್ವ ಓಡಾಡುತ್ತಿತ್ತು. ರಾತ್ರಿ ಹೊತ್ತು ಬಂದು, ಮನೆಯವರದ್ದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತಿತ್ತಂತೆ. ಬಾಗಿಲು ತೆಗೆದವರ ಕಥೆ ಅಲ್ಲಿಗೆ ಮುಗಿಯಿತಂತೆ. ಜನ ಕಂಡುಕೊಂಡ ಉಪಾಯ ಬಲು ಸುಲಭದ್ದು: ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದು ಒಳಗೆ ನೆಮ್ಮದಿಯಾಗಿ ಮಲಗುವುದು. ದೆವ್ವ ಬರುತ್ತಿತ್ತು, ಓದುತ್ತಿತ್ತು, ‘ಓಹೋ, ನಾಳೆಯೋ’ ಎಂದುಕೊಂಡು ವಾಪಸು ಹೋಗುತ್ತಿತ್ತು. ಮಾರನೆಯ ರಾತ್ರಿ ಬಂದು ಮತ್ತೆ ಅದನ್ನೇ ಓದುತ್ತಿತ್ತು. ಅಕ್ಷರಸ್ಥ, ವಿಧೇಯ, ಆದರೆ ನಿನ್ನೆಯದು ನೆನಪಿಲ್ಲದ ದೆವ್ವ. ಅಂಥದ್ದು ಮತ್ತೆ ಹುಟ್ಟಲಾರದು ಎಂದುಕೊಂಡಿದ್ದೆ. ಅದಕ್ಕೆ ದೆಹಲಿಯ ಹಣಕಾಸು ಸಚಿವಾಲಯದ ಬಾಗಿಲಲ್ಲಿ ಕಾಯಂ ನೌಕರಿ ಸಿಕ್ಕಿದೆ ಎಂದು ಆಮೇಲೆ ತಿಳಿಯಿತು.

ಅಲ್ಲಿ ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆಯುವುದಿಲ್ಲ, ಗೆಜೆಟ್‌ನಲ್ಲಿ ಅಚ್ಚು ಹಾಕಿಸುತ್ತಾರೆ. ವಿತ್ತೀಯ ಹೊಣೆಗಾರಿಕೆಯ ಕಾಯ್ದೆ ಎಂದು ಅದಕ್ಕೆ ಹೆಸರು. 2003ರಲ್ಲಿ ಅದನ್ನು ಮಾಡಿದಾಗ ಕೊರತೆ ಇಳಿಸಲು ಇಟ್ಟುಕೊಂಡ ಗಡುವು 2008ರ ಮಾರ್ಚ್. ಮರುವರ್ಷವೇ ಅದು 2009 ಆಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಬ್ಯಾಂಕು ಬಿತ್ತು, ಇಲ್ಲಿ ಗುರಿ ಬಿತ್ತು. 2012ರ ತಿದ್ದುಪಡಿ ‘2015ಕ್ಕೆ ಬಾ’ ಎಂದಿತು. 2015ರದ್ದು ‘2018ಕ್ಕೆ ಬಾ’ ಎಂದಿತು. 2018ರದ್ದು ‘2021ಕ್ಕೆ ಬಾ’ ಎಂದಿತಷ್ಟೇ ಅಲ್ಲ, ಕೇಂದ್ರದ ಸಾಲವನ್ನು 2024-25ರೊಳಗೆ ಜಿಡಿಪಿಯ ಶೇ 40ಕ್ಕೆ ತರುತ್ತೇವೆ ಎಂದು ಇನ್ನೊಂದು ಸಾಲನ್ನೂ ಬಾಗಿಲಿಗೆ ಸೇರಿಸಿತು. ಆ ವರ್ಷ ಬಂದಾಗ ಸಾಲ ಶೇ 57ರ ಆಸುಪಾಸಿನಲ್ಲಿ ಕಾಲು ಚಾಚಿ ಕೂತಿತ್ತು. 2025ರ ಬಜೆಟ್‌ನಲ್ಲಿ ಹಳೆಯದನ್ನು ಒರೆಸಿ ಹೊಸದಾಗಿ ಬರೆದರು: 2031ರ ಮಾರ್ಚ್ 31ಕ್ಕೆ ಶೇ 50, ಒಂದು ಹೆಚ್ಚು ಅಥವಾ ಒಂದು ಕಡಿಮೆ.

ನ್ಯಾಯ ಹೇಳಬೇಕೆಂದರೆ, ನಡುವೆ ಒಮ್ಮೆ, 2007-08ರಲ್ಲಿ, ಕೊರತೆ ಶೇ 3ರ ಕೆಳಗೆ ಇಳಿದದ್ದುಂಟು. ಆಗ ತೈಲ ಕಂಪನಿಗಳಿಗೆ ಕೊಡಬೇಕಾದ ಹಣದ ಬದಲು ಬಾಂಡ್ ಬರೆದುಕೊಟ್ಟು, ಅದನ್ನು ಕೊರತೆಯ ಲೆಕ್ಕದಿಂದ ಹೊರಗಿಟ್ಟಿದ್ದರು. ತೂಕ ಇಳಿಸುವಾಗ ಒಂದು ಕಾಲನ್ನು ತಕ್ಕಡಿಯಿಂದ ಆಚೆ ಇಟ್ಟಂತೆ. ಆ ಬಾಂಡ್‌ಗಳು ಆಮೇಲೆ ಬಂದ, ಬೇರೆ ಪಕ್ಷದ ಸರ್ಕಾರಕ್ಕೆ ಬಲು ಉಪಕಾರ ಮಾಡಿದವು. ಪೆಟ್ರೋಲ್ ಬೆಲೆ ಯಾಕೆ ಇಳಿಸಲಿಲ್ಲ ಎಂದು ಕೇಳಿದಾಗಲೆಲ್ಲ ತೋರಿಸಲು ಒಂದು ಹಳೇ ಪತ್ರ ಕೈಯಲ್ಲಿತ್ತು.

ನಮ್ಮ ಚಿಕ್ಕಮ್ಮ ಮೈಸೂರಿನಲ್ಲಿ ಎಷ್ಟೋ ವರ್ಷಗಳಿಂದ ಚೀಟಿ ನಡೆಸುತ್ತಾರೆ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು, ಯಾರ ಮುಖದಲ್ಲಿ ಎಷ್ಟು ಸಾಲ ಅಡಗಿದೆ ಎಂದು ಕಾಫಿ ಕೊಡುವಷ್ಟರಲ್ಲಿ ತೂಗುವ ಕಣ್ಣು. ಅವರಿಗೆ 2025-26ರ ಕೇಂದ್ರ ಬಜೆಟ್ಟಿನ ರೂಪಾಯಿಯ ಚಿತ್ರ ತೋರಿಸಿದೆ. ಬರುವ ರೂಪಾಯಿಯಲ್ಲಿ 24 ಪೈಸೆ ಸಾಲದ್ದು. ಹೋಗುವ ರೂಪಾಯಿಯಲ್ಲಿ 20 ಪೈಸೆ ಹಳೇ ಸಾಲದ ಬಡ್ಡಿಗೆ. ದೊಡ್ಡ ಲೆಕ್ಕದಲ್ಲಿ ಹೇಳುವುದಾದರೆ, ವರ್ಷಕ್ಕೆ 15.69 ಲಕ್ಷ ಕೋಟಿ ಹೊಸದಾಗಿ ಎತ್ತುವುದು, 12.76 ಲಕ್ಷ ಕೋಟಿ ಬಡ್ಡಿ ಕಟ್ಟುವುದು.

ಚಿಕ್ಕಮ್ಮ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. “ಬಡ್ಡಿ ಕಟ್ಟಕ್ಕೆ ಸಾಲ ಮಾಡೋನ್ನ ನಾನು ಚೀಟಿಗೆ ಸೇರಿಸ್ಕೊಳಲ್ಲ ಕಣೋ. ಮೊದಲನೇ ತಿಂಗಳೇ ಚೀಟಿ ಎತ್ಕೋತಾನೆ, ಎರಡನೇ ತಿಂಗಳಿಂದ ಫೋನ್ ಎತ್ತಲ್ಲ.”

“ಇದು ದೇಶ, ಚಿಕ್ಕಮ್ಮ.”

“ಜಾಮೀನು ಯಾರು?”

ಈ ಪ್ರಶ್ನೆಗೆ ಉತ್ತರ ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ಮನೆಯವರಿಗೂ ದೇಶದವರಿಗೂ ಇರುವ ಒಂದು ವ್ಯತ್ಯಾಸ ತಿಳಿದಿರಬೇಕು. ಮನೆಯವರು ಸಾಲ ತೀರಿಸುತ್ತಾರೆ. ದೇಶದವರು ಸಾಲ ‘ಇಳಿಸುತ್ತಾರೆ’. ತೀರಿಸಿದರೆ ಸಾಲ ಹೋಗುತ್ತದೆ. ಇಳಿಸಿದರೆ ಶೇಕಡಾವಾರು ಮಾತ್ರ ಹೋಗುತ್ತದೆ, ಸಾಲ ಮೊದಲಿಗಿಂತ ದಪ್ಪಗಾಗಿ ಅಲ್ಲೇ ಇರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಹಿರಿಯರು ಹೇಳಿದರು. ಪಾಪ, ಅವರಿಗೆ ಅರ್ಥಶಾಸ್ತ್ರ ಗೊತ್ತಿರಲಿಲ್ಲ. ಕಾಲು ಮಡಿಸುವ ಅಗತ್ಯವೇ ಇಲ್ಲ, ಹಾಸಿಗೆ ಉದ್ದ ಮಾಡಿದರಾಯಿತು. ಹಾಸಿಗೆಯ ಹೆಸರು ಜಿಡಿಪಿ. ಅದು ನಿಜಕ್ಕೂ ಉದ್ದವಾದರೆ ಸಂತೋಷ, ಬೆಲೆ ಏರಿ ಉದ್ದವಾದಂತೆ ಕಂಡರೂ ಚಿಂತೆಯಿಲ್ಲ, ಎರಡೂ ಆಗದಿದ್ದರೆ ಅಳತೆ ಟೇಪು ಬದಲಾಯಿಸಬಹುದು.

ಟೇಪು ಬದಲಾಯಿಸುವ ವಿದ್ಯೆಯಲ್ಲಿ ಗ್ರೀಸ್ ದೇಶಕ್ಕೆ ಗುರುಸ್ಥಾನ. 2006ರಲ್ಲಿ ಅದು ಕಳ್ಳವ್ಯಾಪಾರ, ವೇಶ್ಯಾವಾಟಿಕೆಗಳ ವಹಿವಾಟನ್ನೂ ಲೆಕ್ಕಕ್ಕೆ ಹಿಡಿದು ತನ್ನ ಜಿಡಿಪಿ ಸುಮಾರು ಶೇ 25ರಷ್ಟು ಹೆಚ್ಚು ಎಂದು ಸಾರಿತು. ಒಂದೇ ದಿನದಲ್ಲಿ ಹಾಸಿಗೆ ಕಾಲು ಭಾಗ ಉದ್ದ! ಯುರೋಪಿನ ಅಂಕಿಅಂಶ ಕಚೇರಿ ಅಷ್ಟನ್ನೂ ಒಪ್ಪಲಿಲ್ಲ ಅನ್ನುವುದು ಬೇರೆ ಮಾತು. ಮುಂದೆ 2010ರಲ್ಲಿ ಅಲ್ಲಿನ ಅಂಕಿಅಂಶ ಸಂಸ್ಥೆಗೆ ಮುಖ್ಯಸ್ಥರಾಗಿ ಬಂದ ಆಂಡ್ರಿಯಾಸ್ ಜಾರ್ಜಿಯು ಸರಿಯಾದ ಟೇಪು ಹಿಡಿದು ಅಳೆದು, 2009ರ ಕೊರತೆ ಜಿಡಿಪಿಯ ಶೇ 15ಕ್ಕೂ ಹೆಚ್ಚು ಎಂದು ಹೇಳಿಬಿಟ್ಟರು. ದೇಶ ಆ ಮನುಷ್ಯನ ಮೇಲೆ ವರ್ಷಗಟ್ಟಲೆ ಕೇಸು ನಡೆಸಿತು. ಸುಳ್ಳು ಅಳತೆ ಕೊಟ್ಟವರು ಪಿಂಚಣಿ ತೆಗೆದುಕೊಂಡು ಸುಖವಾಗಿದ್ದರು.

ನಾವು ಕನ್ನಡಿಗರು ಹಾಗೆಲ್ಲ ಮಾಡುವವರಲ್ಲ. ನಮ್ಮದು ಶಿಸ್ತಿನ ರಾಜ್ಯ. ಸಾಲಕ್ಕೆ ಲಗಾಮು ಹಾಕುವ ಕಾಯ್ದೆಯನ್ನು 2002ರಲ್ಲಿ, ಕೇಂದ್ರಕ್ಕಿಂತ ಒಂದು ವರ್ಷ ಮೊದಲೇ, ದೇಶದಲ್ಲೇ ಮೊದಲು ಮಾಡಿದವರು ನಾವು. ಒಟ್ಟು ಸಾಲ ರಾಜ್ಯದ ಜಿಡಿಪಿಯ ಶೇ 25 ದಾಟಬಾರದು. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟ್ ಮಂಡಿಸಿದರು. ಗಾತ್ರ 4.09 ಲಕ್ಷ ಕೋಟಿ, ಹೊಸ ಸಾಲ 1.16 ಲಕ್ಷ ಕೋಟಿ, ವರ್ಷದ ಕೊನೆಗೆ ಒಟ್ಟು ಹೊಣೆ 7.64 ಲಕ್ಷ ಕೋಟಿ. ಅದು ಜಿಡಿಪಿಯ ಎಷ್ಟು? ಶೇ 24.91. ನೋಡಿ, ಇದಕ್ಕೆ ಕಲೆ ಅನ್ನಬೇಕು. ಹಾಸಿಗೆಯ ತುದಿಗೂ ಕಿರುಬೆರಳ ಉಗುರಿಗೂ ನಡುವೆ ಶೇ 0.09ರಷ್ಟು ಜಾಗ. ನಮ್ಮೂರ ದರ್ಜಿಗೆ ಇಷ್ಟು ಕೈ ಕುದುರಿದ್ದಿದ್ದರೆ ನನ್ನ ಒಂದು ಅಂಗಿಯಾದರೂ ಸರಿಯಾಗಿ ಕೂರುತ್ತಿತ್ತು.

ಇರಲಿ. ಸಾಲವನ್ನು ಇಳಿಸದೆ, ನಿಜವಾಗಿ, ಪೈಸೆ ಬಾಕಿಯಿಲ್ಲದೆ ತೀರಿಸಿದ ದೊರೆ ಯಾರೂ ಇಲ್ಲವೇ? ನಮಗೆ ತಕ್ಷಣ ನೆನಪಾಗುವವನು ಹರಿಶ್ಚಂದ್ರ. ರಾಜ್ಯ ಕೊಟ್ಟ, ಆದರೂ ಬಾಕಿ ಉಳಿಯಿತು. ಬೆನ್ನಿಗೆ ನಕ್ಷತ್ರಿಕ ಬಿದ್ದ. ಇಂದಿನ ಐಎಂಎಫ್ ತಂಡದ ಮೂಲಪುರುಷ ಅವನೇ ಇರಬೇಕು, ಸಾಲಗಾರ ಕೂತರೆ ಕೂರುತ್ತಾನೆ, ಎದ್ದರೆ ಏಳುತ್ತಾನೆ. ಹರಿಶ್ಚಂದ್ರ ಹೆಂಡತಿಯನ್ನೂ ಮಗನನ್ನೂ ಮಾರಿದ, ಕಡೆಗೆ ತನ್ನನ್ನೇ ಮಾರಿಕೊಂಡು ಸುಡುಗಾಡು ಕಾದ. ಹಣಕಾಸು ಸಚಿವರು ತಮ್ಮನ್ನು ತಾವು ಮಾರಿಕೊಳ್ಳಬೇಕೆಂದು ನಾನು ಸೂಚಿಸುತ್ತಿಲ್ಲ. ಕೊಳ್ಳುವವರೂ ಬೇಕಲ್ಲ.

ಇತಿಹಾಸದಲ್ಲಿ ಇನ್ನಿಬ್ಬರಿದ್ದಾರೆ. ಅಮೆರಿಕದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ 1835ರ ಜನವರಿಯಲ್ಲಿ ದೇಶದ ಸಾಲವನ್ನು ಸೊನ್ನೆಗೆ ತಂದ. ಆ ದೇಶದ ಚರಿತ್ರೆಯಲ್ಲಿ ಅದೇ ಮೊದಲು, ಅದೇ ಕೊನೆ. ದುಡ್ಡು ಬಂದದ್ದು ಆಮದು ಸುಂಕದಿಂದ, ಜೊತೆಗೆ ಸರ್ಕಾರಿ ಜಮೀನಿನ ಮಾರಾಟದಿಂದ. ಆ ಜಮೀನು ಸರ್ಕಾರಕ್ಕೆ ಹೇಗೆ ಬಂತೆಂದು ಅಲ್ಲಿಂದ ಒಕ್ಕಲೆಬ್ಬಿಸಲ್ಪಟ್ಟ ಮೂಲನಿವಾಸಿಗಳನ್ನು ಕೇಳಬೇಕಿತ್ತು, ಯಾರೂ ಕೇಳಲಿಲ್ಲ. ಎರಡೇ ವರ್ಷದಲ್ಲಿ, 1837ರಲ್ಲಿ, ಬ್ಯಾಂಕುಗಳು ಮುಳುಗಿ ದೇಶ ಮತ್ತೆ ಸಾಲದ ಕಿಟಕಿಯ ಮುಂದೆ ನಿಂತಿತು.

ಎರಡನೆಯವನು ರುಮೇನಿಯಾದ ನಿಕೊಲಾಯ್ ಚೌಷೆಸ್ಕು. ಎಂಬತ್ತರ ದಶಕದ ಮೊದಲಲ್ಲಿ ಅವನ ದೇಶಕ್ಕೆ ಸುಮಾರು 1,000 ಕೋಟಿ ಡಾಲರ್ ವಿದೇಶಿ ಸಾಲವಿತ್ತು. ತೀರಿಸಿಯೇ ತೀರುತ್ತೇನೆಂದು ಹಟ ಹಿಡಿದ. ದೇಶದಲ್ಲಿ ಬೆಳೆದ ಆಹಾರವೆಲ್ಲ ಹಡಗು ಹತ್ತಿತು. ಜನರಿಗೆ ಬ್ರೆಡ್ಡಿಗೂ ರೇಷನ್ನು, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದಕ್ಕೂ ರೇಷನ್ನು, ಮನೆಗೆ ಮಂಕು ಬಲ್ಬು, ಟಿವಿ ದಿನಕ್ಕೆ ಎರಡು ತಾಸು, ಅದರಲ್ಲೂ ಅವನದೇ ಮುಖ. 1989ರ ವಸಂತದಲ್ಲಿ ‘ಸಾಲ ಪೂರ್ತಿ ತೀರಿತು’ ಎಂದು ಘೋಷಿಸಿದ. ಅದೇ ವರ್ಷ ಡಿಸೆಂಬರ್ 25ರಂದು ಜನ ಅವನ ಲೆಕ್ಕವನ್ನೂ ತೀರಿಸಿದರು. ಹರಿಶ್ಚಂದ್ರ ತನ್ನನ್ನು ಮಾರಿಕೊಂಡ, ಜಾಕ್ಸನ್ ಬೇರೆಯವರ ನೆಲ ಮಾರಿದ, ಇವನು ಪ್ರಜೆಗಳ ಅನ್ನ ಮಾರಿದ. ನಮ್ಮ ಅರ್ಥಸಚಿವರುಗಳು ಯಾಕೆ ಸಾಲ ತೀರಿಸುವ ಗೋಜಿಗೆ ಹೋಗುವುದಿಲ್ಲ ಎಂದು ಈಗ ನನಗೆ ಅರ್ಥವಾಗುತ್ತದೆ.

ಮಾರುವುದರಲ್ಲಿ ನಮ್ಮವರೂ ಹಿಂದೆ ಬಿದ್ದಿಲ್ಲ. ಆದರೆ ನಾವು ಸಂಸಾರಸ್ಥರು, ಹೊರಗಿನವರಿಗೆ ಮಾರುವುದಕ್ಕೆ ಮನಸ್ಸು ಒಪ್ಪುವುದಿಲ್ಲ. 2018ರ ಜನವರಿಯಲ್ಲಿ ಕೇಂದ್ರ ತನ್ನ ಕೈಲಿದ್ದ ಎಚ್‌ಪಿಸಿಎಲ್ ಷೇರುಗಳನ್ನು 36,915 ಕೋಟಿ ರೂಪಾಯಿಗೆ ಮಾರಿತು. ಕೊಂಡವರು ಯಾರು? ಸರ್ಕಾರದ್ದೇ ಒಎನ್‌ಜಿಸಿ. ಅದಕ್ಕೆ ಒಎನ್‌ಜಿಸಿ ಸಾಲ ಎತ್ತಿತು. ಅಂದರೆ ಅಪ್ಪನ ಸಾಲ ತೀರಲೆಂದು ಕಿರಿಮಗನನ್ನು ಹಿರಿಮಗನಿಗೆ ಮಾರಿದ್ದಾಯಿತು, ಹಿರಿಮಗ ಬಡ್ಡಿಗೆ ದುಡ್ಡು ತಂದ, ಎಲ್ಲರೂ ಅದೇ ಮನೆಯಲ್ಲಿ ಅದೇ ತಟ್ಟೆಯಲ್ಲಿ ಊಟಕ್ಕೆ ಕೂತರು. ಕಾಗದದಲ್ಲಿ ಅಪ್ಪನ ಕೊರತೆ ಕಡಿಮೆ. ನಕ್ಷತ್ರಿಕ ಇದನ್ನು ನೋಡಿದ್ದರೆ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದ.

ಹೊರಗಿನವರಿಗೆ ಮಾರಿದ ಏರ್ ಇಂಡಿಯಾದ ಕಥೆಯೂ ರುಚಿಯಾಗಿದೆ. ಟಾಟಾ ಸಂಸ್ಥೆ ಹೇಳಿದ ಬೆಲೆ 18,000 ಕೋಟಿ. ಅದರಲ್ಲಿ ಸರ್ಕಾರದ ಕೈಗೆ ಬಂದ ನಗದು 2,700 ಕೋಟಿ, ಉಳಿದ 15,300 ಕೋಟಿ ಅವರು ಹೊತ್ತುಕೊಂಡ ಸಾಲ. ಮಿಕ್ಕ 46,000 ಕೋಟಿಗೂ ಮೀರಿದ ಸಾಲ ಸರ್ಕಾರದ್ದೇ ಇನ್ನೊಂದು ಕಂಪನಿಯ ಮಡಿಲಿಗೆ ಬಿತ್ತು. ಏರ್ ಇಂಡಿಯಾದ ಮಹಾರಾಜ ಮೀಸೆ ತಿರುವಿಕೊಂಡು ಹೊಸ ಮನೆಗೆ ಹೊರಟ, ಅವನು ಮಾಡಿದ ಉದ್ರಿ ಪುಸ್ತಕ ಮಾತ್ರ ಹಳೇ ಮನೆಯ ಗೂಡಿನಲ್ಲೇ ಉಳಿಯಿತು. ಮಾರದಿದ್ದರೆ ದಿನದಿನದ ನಷ್ಟ ಇನ್ನೂ ಬೆಳೆಯುತ್ತಿತ್ತು ಎನ್ನುವುದು ನಿಜ. ಹಲ್ಲು ಕೀಳಿಸಿಕೊಂಡವನಿಗೆ ನೋವು ನಿಂತದ್ದೇ ಲಾಭ.

ಚಿನ್ನದ ವಿಷಯ ಬಂದಾಗ ಮಾತ್ರ ಚಿಕ್ಕಮ್ಮ ನೋಟ್‌ಬುಕ್ ಮುಚ್ಚಿ ನನ್ನ ಕಡೆ ತಿರುಗಿದರು. 1991ರಲ್ಲಿ ಖಜಾನೆಯಲ್ಲಿ ಮೂರು ವಾರದ ಆಮದಿಗೂ ಸಾಲದಷ್ಟು ಡಾಲರ್ ಉಳಿದಾಗ ದೇಶ ಗಿರವಿ ಅಂಗಡಿಗೆ ಹೋದದ್ದು ಎಲ್ಲರಿಗೂ ಗೊತ್ತು. ಮೊದಲ ಕಂತಿನಲ್ಲಿ ಸ್ವಿಟ್ಜರ್‌ಲೆಂಡಿಗೆ ಹೋದ 20 ಟನ್, ಕಳ್ಳಸಾಗಣೆಯವರಿಂದ ವಶಪಡಿಸಿಕೊಂಡ ಚಿನ್ನ. ದೇಶದ ಮಾನ ಕಾಪಾಡಿದವರ ಪಟ್ಟಿಯಲ್ಲಿ ಅವರ ಹೆಸರು ಯಾಕೋ ಬಿಟ್ಟುಹೋಗಿದೆ. ಜುಲೈನಲ್ಲಿ ರಿಸರ್ವ್ ಬ್ಯಾಂಕಿನ 46.91 ಟನ್ ಚಿನ್ನ ವಿಮಾನ ಹತ್ತಿತು. ಸಿಕ್ಕಿದ್ದು ಸುಮಾರು 40 ಕೋಟಿ ಡಾಲರ್.

ಅವಮಾನದಿಂದ ಪಾಠ ಕಲಿತು, 2015ರಲ್ಲಿ ಸರ್ಕಾರ ಜಾಣತನದ ಯೋಜನೆಯೊಂದನ್ನು ತಂದಿತು. ಜನರೇ, ಚಿನ್ನ ಕೊಳ್ಳಬೇಡಿ, ಆ ದುಡ್ಡು ನಮಗೆ ಸಾಲ ಕೊಡಿ, ಎಂಟು ವರ್ಷ ಬಿಟ್ಟು ಅಂದಿನ ಚಿನ್ನದ ಬೆಲೆ ಕೊಡುತ್ತೇವೆ, ಬಡ್ಡಿಯನ್ನೂ ಸೇರಿಸಿ. ಮೊದಲ ಕಂತು ಗ್ರಾಮಿಗೆ 2,684 ರೂಪಾಯಿಗೆ ಹೋಯಿತು. 2023ರ ನವೆಂಬರ್‌ನಲ್ಲಿ ವಾಪಸು ಕೊಡುವಾಗ ಗ್ರಾಮಿಗೆ 6,132. ಚಿನ್ನದ ಬೆಲೆ ಏರುತ್ತದೆ ಎಂಬ ಗುಟ್ಟು ನಮ್ಮ ಬೀದಿಯ ಹೂವಿನವಳಿಗೂ ಗೊತ್ತಿತ್ತು, ಹಣಕಾಸು ಸಚಿವಾಲಯಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ. 2024ರ ಫೆಬ್ರುವರಿಯ ಕಂತಿನ ನಂತರ ಅಂಗಡಿ ಬಾಗಿಲು ಹಾಕಿತು. ಮನೆಯ ಒಡವೆಯನ್ನೇ ಬ್ಯಾಂಕಿಗೆ ಕೊಟ್ಟು ಬಡ್ಡಿ ತೆಗೆದುಕೊಳ್ಳಿ ಎಂಬ ಇನ್ನೊಂದು ಯೋಜನೆಯೂ ಅದೇ ವರ್ಷದ್ದು.

“ಬಳೆ ಕೊಟ್ರೆ ಬಳೇನೇ ವಾಪಸ್ ಕೊಡ್ತಾರಾ?”

“ಇಲ್ಲ, ಕರಗಿಸ್ತಾರೆ.”

“ನಮ್ಮತ್ತೆ ಕೊಟ್ಟ ಬಳೆ ಕರಗಿಸೋಕೆ ಅವರ್ಯಾರು?” ಎಂದರು ಚಿಕ್ಕಮ್ಮ. ಆ ಯೋಜನೆ ಯಾಕೆ ಸೋತಿತು ಎಂಬುದಕ್ಕೆ ಇದಕ್ಕಿಂತ ಚಿಕ್ಕ ವರದಿಯನ್ನು ಯಾವ ಸಮಿತಿಯೂ ಕೊಟ್ಟಿರಲಾರದು.

ದೇಶದ ಸಾಲ ತೀರಲೆಂದು ಕೊರಿಯಾದವರು ಮಾತ್ರ ಒಡವೆ ಕೊಟ್ಟರು. 1998ರಲ್ಲಿ ಸುಮಾರು 35 ಲಕ್ಷ ಜನ ಸಾಲುಗಟ್ಟಿ ನಿಂತು ಮದುವೆಯ ಉಂಗುರ, ಮಗುವಿನ ಹುಟ್ಟುಹಬ್ಬದ ಉಂಗುರ ಎಲ್ಲ ಸುರಿದು 227 ಟನ್ ಚಿನ್ನ ಕೂಡಿಸಿದರು. ಅವರ ಮುತ್ತಜ್ಜಂದಿರು 1907ರಲ್ಲೇ ಜಪಾನಿನ 1.3 ಕೋಟಿ ವಾನ್ ಸಾಲ ತೀರಿಸಲು, ಎಲ್ಲರೂ ಮೂರು ತಿಂಗಳು ಹೊಗೆಸೊಪ್ಪು ಬಿಟ್ಟು ಆ ಕಾಸು ಕೂಡಿಸೋಣ ಎಂದು ಹೊರಟವರು. ಗಂಡಸರು ಸೇದುವುದು ಬಿಟ್ಟರು, ಹೆಂಗಸರು ಒಡವೆ ಕೊಟ್ಟರು. ಮೂರೇ ವರ್ಷದಲ್ಲಿ ಜಪಾನ್ ಸಾಲದ ಗೊಡವೆಯೇ ಬೇಡವೆಂದು ದೇಶವನ್ನೇ ತೆಗೆದುಕೊಂಡಿತು.

ಪ್ರಜೆಗಳ ತ್ಯಾಗದಿಂದ ದೇಶದ ಸಾಲ ಇಳಿಸುವ ಈ ದಾರಿಯಲ್ಲಿ ನಮ್ಮ ನೆರೆಯವರೂ ಕೈಯಾಡಿಸಿದ್ದಾರೆ. 2018ರಲ್ಲಿ ಇಮ್ರಾನ್ ಖಾನ್ ಪ್ರಧಾನಿಯಾದ ಹೊಸತರಲ್ಲಿ ಪಾಕಿಸ್ತಾನ ಸರ್ಕಾರ ಪ್ರಧಾನಿ ನಿವಾಸದ ಕಾರುಗಳನ್ನು ಹರಾಜು ಹಾಕಿತು. ಹಿಂದೆಯೇ ಅಲ್ಲಿ ಸಾಕಿದ್ದ 8 ಎಮ್ಮೆಗಳನ್ನೂ ಕೂಗಿದರು, ಸುಮಾರು 23 ಲಕ್ಷ ಪಾಕಿಸ್ತಾನಿ ರೂಪಾಯಿ ಬಂತು. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂಬ ಗಾದೆಯಲ್ಲಿ ಆ ಮಜ್ಜಿಗೆ ಯಾವ ಎಮ್ಮೆಯದೆಂದು ಇಷ್ಟು ಕಾಲ ಗೊತ್ತಿರಲಿಲ್ಲ. 2022ರಲ್ಲಿ ಬೇರೆ ಸರ್ಕಾರ ಬಂತು, ಅದರ ಮಂತ್ರಿಯೊಬ್ಬರು ‘ಚಹಾವನ್ನೂ ಸಾಲ ಮಾಡಿ ತರಿಸುತ್ತಿದ್ದೇವೆ, ದಿನಕ್ಕೆ ಒಂದೆರಡು ಕಪ್ಪು ಕಡಿಮೆ ಕುಡಿಯಿರಿ’ ಎಂದು ಕೈಮುಗಿದರು. ಎಮ್ಮೆ ಹೋದ ಮೇಲೆ ಹಾಲಿಲ್ಲದ ಚಹಾ ಯಾರಿಗೆ ಬೇಕು ಹೇಳಿ.

ಇಂಗ್ಲೆಂಡಿನಲ್ಲಿ ಪುಣ್ಯಾತ್ಮರೊಬ್ಬರು 1928ರಲ್ಲಿ ಹೆಸರು ಹೇಳದೆ 5 ಲಕ್ಷ ಪೌಂಡ್ ದಾನ ಕೊಟ್ಟರು. ಷರತ್ತು ಒಂದೇ: ಇದು ಬೆಳೆದು ಬೆಳೆದು ದೇಶದ ಇಡೀ ಸಾಲ ತೀರಿಸುವಷ್ಟಾದಾಗ ಮಾತ್ರ ಮುಟ್ಟಬೇಕು. ನಿಧಿ ಬೆಳೆಯಿತು, ಪಾಪ, ತನ್ನ ಶಕ್ತಿಮೀರಿ ಬೆಳೆಯಿತು. ಸಾಲವೂ ಬೆಳೆಯಿತು. 2022ರಲ್ಲಿ ನಿಧಿ 60 ಕೋಟಿ ಪೌಂಡ್ ಮುಟ್ಟಿದಾಗ ಸಾಲ 2 ಲಕ್ಷ ಕೋಟಿ ಪೌಂಡ್ ದಾಟಿತ್ತು. ಈ ಓಟ ಮುಗಿಯುವುದಲ್ಲವೆಂದು ನ್ಯಾಯಾಲಯಕ್ಕೂ ಮನವರಿಕೆಯಾಗಿ, ಇದ್ದದ್ದನ್ನು ಸಾಲಕ್ಕೆ ಜಮಾ ಮಾಡಿ ಎಂದಿತು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು, ಆದರೂ ತೊಂಬತ್ತನಾಲ್ಕು ವರ್ಷ ಕಾದು ಕಿವುಚಿದ್ದು ಅನ್ನುವುದು ದೊಡ್ಡದು.

ನಮ್ಮ ರಾಜ್ಯದ ದೇಶಭಕ್ತಿ ಹೊಗೆಸೊಪ್ಪು ಬಿಟ್ಟ ಕೊರಿಯಾದವರದ್ದಕ್ಕೆ ತದ್ವಿರುದ್ಧ. ಇಲ್ಲಿ ಕುಡಿತ ಬಿಟ್ಟರೆ ಕಷ್ಟ. 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ಬರಬೇಕೆಂದು ಗುರಿ ಇಟ್ಟಿದ್ದರು. ಕೊರಿಯಾದವರಂತೆ ಕನ್ನಡಿಗರೂ ಮೂರು ತಿಂಗಳು ಬಿಟ್ಟುಬಿಟ್ಟರೆ ಆ ಶೇ 24.91 ಒಂದೇ ಏಟಿಗೆ ಹಾಸಿಗೆಯಿಂದ ಉರುಳಿ ಬೀಳುತ್ತದೆ. ಹಾಗಾಗಿ ಸಂಜೆ ಏಳರ ನಂತರ ತೂರಾಡುತ್ತ ಬರುವವನನ್ನು ಕುಡುಕ ಎನ್ನಬೇಡಿ. ವಿತ್ತೀಯ ಹೊಣೆಗಾರಿಕೆಯ ಕಾಯ್ದೆಯನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದಾನೆ, ಭಾರಕ್ಕೆ ಹೆಜ್ಜೆ ತಪ್ಪುತ್ತಿದೆ. ಅವನು ಬಾರಿನಲ್ಲಿ ಕಟ್ಟಿದ ಸುಂಕದಲ್ಲಿ ಒಂದು ಪಾಲು, ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿಯಾಗಿ ಅವನ ಹೆಂಡತಿಯ ಖಾತೆಗೇ ಬರುತ್ತದೆ. ಅಡುಗೆಮನೆಯ ಡಬ್ಬಿಯಿಂದ ಹೊರಟ ದುಡ್ಡು ವಿಧಾನಸೌಧ ಸುತ್ತಿ ಅದೇ ಡಬ್ಬಿಗೆ ಮರಳುವ ಈ ಪ್ರದಕ್ಷಿಣೆಗೆ ಬಜೆಟ್ ಎಂದು ಹೆಸರು.

ಕೊನೆಗೆ ಚಿಕ್ಕಮ್ಮನ ಪ್ರಶ್ನೆ. ‘ಪ್ರತಿ ಭಾರತೀಯನ ತಲೆಯ ಮೇಲೆ ಇಷ್ಟು ಸಾವಿರ ಸಾಲ’ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಮಗೂ ಬಂದಿರುತ್ತದೆ. ಅದನ್ನು ಓದಿ ತಲೆ ಮುಟ್ಟಿ ನೋಡಿಕೊಳ್ಳುವವರಿಗೆ ಇನ್ನರ್ಧ ಸಂದೇಶ ಯಾರೂ ಕಳಿಸುವುದಿಲ್ಲ. ಕೇಂದ್ರದ ಸಾಲದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ದೇಶದೊಳಗಿನದೇ. ಕೊಟ್ಟವರು ಬ್ಯಾಂಕುಗಳು, ಎಲ್‌ಐಸಿ, ಭವಿಷ್ಯನಿಧಿ. ಬ್ಯಾಂಕು ತನ್ನ ಠೇವಣಿಯ ಒಂದು ಪಾಲನ್ನು ಸರ್ಕಾರಿ ಸಾಲಪತ್ರದಂಥವುಗಳಲ್ಲಿ ಇಡಲೇಬೇಕೆಂದು ಕಾನೂನೇ ಇದೆ. ಆ ಠೇವಣಿ ನಮ್ಮದು, ಆ ಪಾಲಿಸಿ ನಮ್ಮದು, ಆ ಪಿಎಫ್ ನಮ್ಮದು. ಸಾಲಗಾರನೂ ನಾನೇ, ಸಾಲ ಕೊಟ್ಟವನೂ ನಾನೇ, ಬಡ್ಡಿಗೆಂದು ತೆರಿಗೆ ಕಟ್ಟುವವನೂ ನಾನೇ. ಶಂಕರಾಚಾರ್ಯರು ಶೃಂಗೇರಿಯಲ್ಲಿ ಮಠ ಕಟ್ಟಿ ಹೇಳಿಕೊಟ್ಟದ್ದನ್ನು ಹಣಕಾಸು ಸಚಿವಾಲಯ ಅನುಷ್ಠಾನಕ್ಕೆ ತಂದಿದೆ. ಎರಡು ಎಂಬುದು ಬರೀ ಭ್ರಮೆ.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಲು ಧೈರ್ಯ ಸಾಲದೆ, ಮಾತು ಬೇರೆ ಕಡೆ ತಿರುಗಿಸಿ 2031ರ ಗುರಿ ವಿವರಿಸಿದೆ.

“ಐವತ್ತು ಸರಿ. ಅದೇನು ಹೆಚ್ಚು ಒಂದು, ಕಡಿಮೆ ಒಂದು?”

“ಚಿಲ್ಲರೆ ಬಿಡಿ. ಸುಮ್ಮನೆ ಒಂದು.”

“ಒಂದು ಅಂದ್ರೆ ಎಷ್ಟು?”

ಬಜೆಟ್ಟಿನವರು ಅಂದಾಜಿಸಿದ 2025-26ರ ಜಿಡಿಪಿ ಸುಮಾರು 357 ಲಕ್ಷ ಕೋಟಿ. ಅದರಲ್ಲಿ ಒಂದು ಅಂದರೆ ಮೂರೂವರೆ ಲಕ್ಷ ಕೋಟಿ ಚಿಲ್ಲರೆ. ಮೇಲಿನ ಒಂದು, ಕೆಳಗಿನ ಒಂದು ಸೇರಿಸಿದರೆ ಕರ್ನಾಟಕ ಇಷ್ಟು ವರ್ಷ ಕೂಡಿಹಾಕಿದ ಒಟ್ಟು ಸಾಲದ ಹತ್ತಿರಕ್ಕೆ ಬರುತ್ತದೆ. ಚಿಕ್ಕಮ್ಮ ನೋಟ್‌ಬುಕ್ಕಿನ ಹಾಳೆಯಲ್ಲಿ ಸೊನ್ನೆ ಬರೆಯುತ್ತ ಹೋಗಿ, ಜಾಗ ಸಾಲದೆ ಪೆನ್ಸಿಲ್ ಕೆಳಗಿಟ್ಟರು.

“ಇಷ್ಟೊಂದು ದುಡ್ಡು ಯಾವಾಗ ಎತ್ತಾರೋ?”

“ವಾರಾವಾರ ಹರಾಜು. ಹೆಚ್ಚಾಗಿ ಶುಕ್ರವಾರ.”

ಚಿಕ್ಕಮ್ಮನ ಮುಖ ಗಂಭೀರವಾಯಿತು. ಶುಕ್ರವಾರ ಮನೆಯಿಂದ ಲಕ್ಷ್ಮಿಯನ್ನು ಆಚೆ ಕಳಿಸುವುದು ಅವರ ಪಾಲಿಗೆ ಆಗದ ಮಾತು. ಶುಕ್ರವಾರ ಚೀಟಿ ದುಡ್ಡು ಕೇಳಲು ಬಂದವರಿಗೂ ಬರೀ ಕಾಫಿ ಕೊಟ್ಟು ಕಳಿಸುತ್ತಾರೆ. “ಶುಕ್ರವಾರ ಸಾಲ ಕೊಡೋ ಮನೆಹಾಳರು ಯಾರಪ್ಪಾ?”

“ನೀವೇ, ಚಿಕ್ಕಮ್ಮ. ನಿಮ್ಮ ಎಫ್‌ಡಿ ಇರೋ ಬ್ಯಾಂಕು.”

ಅವರು ಎದ್ದು ದೇವರಮನೆಯ ಗೂಡಿನಿಂದ ಎಫ್‌ಡಿ ರಸೀದಿ ತಂದು, ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ಎರಡೂ ಕಡೆ ಓದಿದರು. ನಾಳೆಯೇ ಹೋಗಿ ಮ್ಯಾನೇಜರನ್ನು ವಿಚಾರಿಸುತ್ತೇನೆ ಎಂದರು. ನಾನು ಕ್ಯಾಲೆಂಡರ್ ನೋಡಿದೆ. ನಾಳೆ ಎರಡನೇ ಶನಿವಾರ.